ಲೆಕ್ಕಕ್ಕೆ ಬಾರದ ರಕ್ತ



ಜಗತ್ತಿನ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಸ್ಥಿತಿಗತಿ ಕುರಿತು ಮಾತಾಡಬೇಕೆಂದು ಕೇಳಿದ್ದೀರಿ. ಗರ್ಭನಿರೋಧ, ಬಂಜೆತನ, ಎಚ್‌ಐವಿ, ಗರ್ಭಕೊರಳಿನ ಕ್ಯಾನ್ಸರ್, ಹದಿಹರೆಯದ ಮಕ್ಕಳ ತಿಳಿವಳಿಕೆ, ಇವೆಲ್ಲ ಆ ತಲೆಬರಹದಡಿ ಬರುತ್ತವೆ. ಒಂದೊಂದನ್ನೂ ಮುಟ್ಟಿ ಮುಂದೆ ಹೋದರೆ ಯಾವುದೂ ನಿಮ್ಮ ಮನಸ್ಸಿನಲ್ಲಿ ನಿಲ್ಲಲಿಕ್ಕಿಲ್ಲ. ನಾನು ಹೆರಿಗೆ ವೈದ್ಯೆ, ವೃತ್ತಿಯ ಬಹುಪಾಲನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದವಳು. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಕಡೆಯಿಂದ, ಅಂದರೆ ಮಗು ಹುಟ್ಟಿದ ಮೇಲಿನ ಮೊದಲ ಒಂದು ಗಂಟೆಯಿಂದ ಶುರು ಮಾಡುತ್ತೇನೆ.

ತುಂಬು ಬಸುರಿಯ ಗರ್ಭಕೋಶಕ್ಕೆ ಪ್ರತಿ ನಿಮಿಷ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಗು ಹೊರಬಂದು ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಗರ್ಭಕೋಶದ ಸ್ನಾಯುಗಳು ಬಿಗಿದುಕೊಂಡು ಆ ನಾಳಗಳನ್ನು ಹಿಸುಕಿದರೆ ಮಾತ್ರ ರಕ್ತ ನಿಲ್ಲುತ್ತದೆ. ಎಲ್ಲ ಸರಿಯಿದ್ದರೆ ಹೊಕ್ಕುಳ ಕೆಳಗೆ ಒತ್ತಿ ನೋಡಿದಾಗ ಗಟ್ಟಿ ಉಂಡೆಯೊಂದು ಕೈಗೆ ಸಿಗುತ್ತದೆ. ಅದು ಮೆತ್ತಗಿದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂದೇ ಅರ್ಥ. ಯಾರೂ ನೋಡದೆ ಬಿಟ್ಟರೆ ಆರೋಗ್ಯವಂತ ಹೆಣ್ಣುಮಗಳು ಸಹ ಎರಡು ಗಂಟೆಯೊಳಗೆ ತೀರಿಹೋಗಬಹುದು. ರಕ್ತಹೀನತೆ ಇದ್ದವಳಿಗೆ ಅಷ್ಟು ಸಮಯವೂ ಇರುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿ ರಕ್ತಹೀನತೆಯವರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು ಮತ್ತು ಹೆರಿಗೆಯ ಕಾರಣಗಳಿಂದ ಸತ್ತ ಹೆಂಗಸರು ಸುಮಾರು 2 ಲಕ್ಷ 60 ಸಾವಿರ. ದಿನಕ್ಕೆ 700ಕ್ಕೂ ಹೆಚ್ಚು. ಇವರಲ್ಲಿ 100ಕ್ಕೆ 70ರಷ್ಟು ಮಂದಿ ಸಹಾರಾದ ಕೆಳಗಿನ ಆಫ್ರಿಕಾದವರು. ನೈಜೀರಿಯಾ ಒಂದರಲ್ಲೇ ಸುಮಾರು 75,000. 2000ದಿಂದೀಚೆಗೆ ತಾಯಂದಿರ ಮರಣದ ಪ್ರಮಾಣ 100ಕ್ಕೆ 40ರಷ್ಟು ಇಳಿದಿರುವುದು ನಿಜವಾದ ಸಾಧನೆ. ಆದರೆ 2030ರ ಹೊತ್ತಿಗೆ ಲಕ್ಷ ಜೀವಂತ ಜನನಗಳಿಗೆ 70ಕ್ಕಿಂತ ಕೆಳಗೆ ತರುತ್ತೇವೆಂದು ಜಗತ್ತು ಮಾತು ಕೊಟ್ಟಿದೆ, 2023ರಲ್ಲಿ ಆ ಪ್ರಮಾಣ 197 ಇತ್ತು. ಈ ಸಾವುಗಳ ದೊಡ್ಡ ಕಾರಣಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿರುವುದು ಹೆರಿಗೆಯ ರಕ್ತಸ್ರಾವ. ಅದನ್ನು ನಿಲ್ಲಿಸುವ ಔಷಧಿಗಳು ಅಗ್ಗದವು, ಹಳೆಯವು. ಹಾಗಿದ್ದೂ ಇಷ್ಟು ಜನ ಏಕೆ ಸಾಯುತ್ತಾರೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವನ್ನು ನಿಮ್ಮ ಮುಂದಿಡುತ್ತೇನೆ. ಹೋದ ರಕ್ತವನ್ನು ನಾವು ಅಳೆಯುವುದಿಲ್ಲ. ಅಳೆದರೂ ಓದುವುದಿಲ್ಲ. ಸತ್ತವಳನ್ನು ಎಣಿಸುವುದಿಲ್ಲ. ಬದುಕಿರುವಾಗ ಅವಳು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹೆರಿಗೆ ಕೋಣೆಯಲ್ಲಿ ರಕ್ತ ಎಷ್ಟು ಹೋಯಿತೆಂದು ಹೇಗೆ ತಿಳಿಯುತ್ತೇವೆ? ಶತಮಾನಗಳಿಂದಲೂ ಕಣ್ಣಂದಾಜು. ರಕ್ತ ಹಳೆಯ ಸೀರೆಗೆ ಇಂಗುತ್ತದೆ, ಹತ್ತಿಗೆ ಇಂಗುತ್ತದೆ, ಮೇಜಿನ ಅಂಚಿನಿಂದ ಬಕೆಟ್ಟಿಗೆ ಇಳಿದು ಅಲ್ಲಿದ್ದ ನೀರಿನ ಜೊತೆ ಬೆರೆಯುತ್ತದೆ. ಬಾಗಿಲಾಚೆ ನಿಂತ ಅಜ್ಜಿ ‘ಕೆಟ್ಟ ರಕ್ತ, ಹೋಗಲಿ ಬಿಡ್ರಿ’ ಎನ್ನುತ್ತಾಳೆ. ನರ್ಸು ಕೇಸ್ ಶೀಟಿನಲ್ಲಿ ‘ರಕ್ತಸ್ರಾವ ಸಾಧಾರಣ’ ಎಂದು ಬರೆಯುತ್ತಾಳೆ. ನಾನೂ ಎಷ್ಟೋ ಕೇಸ್ ಶೀಟುಗಳಲ್ಲಿ ಆ ಎರಡು ಪದಗಳ ಕೆಳಗೆ ಸಹಿ ಹಾಕಿದ್ದೇನೆ. ನಾವೆಲ್ಲ ಕಲಿತ ಪದ್ಧತಿಯೇ ಅದಾಗಿತ್ತು.

ಇದನ್ನು ಬದಲಿಸಿದ ವಸ್ತುವೊಂದು ನಮ್ಮ ಬೆಳಗಾವಿಯಲ್ಲಿ ರೂಪುಗೊಂಡಿತು ಎಂಬುದು ಕನ್ನಡಿಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಹೆರಿಗೆ ತಜ್ಞರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆ ತಯಾರಿಸಿದರು. ಮಗು ಹುಟ್ಟಿದ ಕೂಡಲೇ ಅದನ್ನು ತಾಯಿಯ ಪೃಷ್ಠದ ಕೆಳಗೆ ಸರಿಸಿ, ಮೇಲಿನ ದಾರಗಳನ್ನು ಅವಳ ಸೊಂಟಕ್ಕೆ ಕಟ್ಟುತ್ತಾರೆ. ಹಾಳೆಯ ಕೆಳತುದಿ ಆಲಿಕೆಯಂತೆ ಕಿರಿದಾಗಿ ಒಂದು ಪಾರದರ್ಶಕ ಚೀಲವಾಗುತ್ತದೆ. ಚೀಲದ ಮೈಮೇಲೆ ಮಿಲಿಲೀಟರಿನ ಗೆರೆಗಳಿವೆ. ರಕ್ತ ನೇರವಾಗಿ ಅದರೊಳಗೆ ಇಳಿಯುವುದರಿಂದ ಗೆರೆ ನೋಡಿದರೆ ಲೆಕ್ಕ ಕಾಣುತ್ತದೆ. ರೂಪಿಸಿದವರ ಹೆಸರುಗಳ ಮೊದಲಕ್ಷರ ಜೋಡಿಸಿ ಅದಕ್ಕೆ ಬ್ರಾಸ್-ವಿ ಎಂದು ಹೆಸರಿಟ್ಟರು. 2006ರಲ್ಲಿ ಪ್ರಕಟವಾದ ಬೆಳಗಾವಿಯದೇ ಅಧ್ಯಯನವೊಂದರಲ್ಲಿ ಚೀಲದ ಅಳತೆಗೂ ಕಣ್ಣಂದಾಜಿಗೂ ಹೋಲಿಸಿ ನೋಡಿದಾಗ, ಕಣ್ಣಂದಾಜು 100ಕ್ಕೆ 33ರಷ್ಟು ಕಡಿಮೆ ಬಂದಿತ್ತು. ಕಣ್ಣಿಗೆ ಬೀಳದ ಆ ಮೂರನೇ ಒಂದು ಪಾಲಿನಲ್ಲೇ ಹೆಂಗಸರ ಜೀವ ಹೋಗುತ್ತಿತ್ತು.

ಅದೇ ತಂಡ ಇನ್ನೊಂದು ದೊಡ್ಡ ಕೆಲಸ ಮಾಡಿತು. ಗರ್ಭಕೋಶವನ್ನು ಬಿಗಿಸುವ ಔಷಧಿಗಳಲ್ಲಿ ಮೊದಲನೆಯದು ಆಕ್ಸಿಟೋಸಿನ್. ಅದರ ಗುಣವನ್ನು 1906ರಲ್ಲಿ ಹೆನ್ರಿ ಡೇಲ್ ಗುರುತಿಸಿದರು; 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಎರಡು ವರ್ಷಗಳ ಬಳಿಕ ನೊಬೆಲ್ ಪಡೆದರು. ಆದರೆ ಅದು ಇಂಜೆಕ್ಷನ್, 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋಗಿ ಬರುವ ಉಪಕೇಂದ್ರದ ಕಪಾಟಿನಲ್ಲಿ ಅದು ಬೇಸಿಗೆ ಕಳೆಯುವಷ್ಟರಲ್ಲಿ ಕಸುವು ಕಳೆದುಕೊಂಡಿರುತ್ತದೆ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ಜೂ ಬೇಡ, ಸಿರಿಂಜೂ ಬೇಡ. ಹೊಟ್ಟೆಹುಣ್ಣಿಗೆಂದು ಬಂದ ಔಷಧಿ ಅದು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ತಾಯಂದಿರ ಮೇಲೆ ಪರೀಕ್ಷೆ ನಡೆಯಿತು. ಕೆಲವರಿಗೆ ಈ ಮಾತ್ರೆ, ಕೆಲವರಿಗೆ ಅದರಂತೆಯೇ ಕಾಣುವ ಔಷಧಿರಹಿತ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ನರ್ಸಬಾಯಿಯವರು. ರಕ್ತ ಅಳೆದದ್ದು ಅದೇ ಚೀಲದಲ್ಲಿ. ಅತಿಯಾದ ರಕ್ತಸ್ರಾವ 100ಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಫಲಿತಾಂಶ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಓಡಾಡಿ ಹೆರಿಗೆ ಮಾಡಿಸಿ, ಚೀಲದ ಗೆರೆ ಓದಿ ಬರೆದಿಟ್ಟ ಆ ನರ್ಸಬಾಯಿಯವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

ಆಕ್ಸಿಟೋಸಿನ್ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿಗಳಲ್ಲಿ ಈ ಔಷಧಿಯನ್ನು ಎಮ್ಮೆಗೆ ಚುಚ್ಚಿ ಹಾಲು ಇಳಿಸುವ ಇಂಜೆಕ್ಷನ್ ಎಂದೇ ಜನ ಬಲ್ಲರು. ಆ ದುರುಪಯೋಗ ತಡೆಯಬೇಕೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಮಾರಾಟಕ್ಕೆ ಅದನ್ನು ತಯಾರಿಸಬಾರದೆಂದು ಆದೇಶಿಸಿತು. ಇಡೀ ದೇಶಕ್ಕೆ ಒದಗಿಸುವ ಹೊಣೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆ, ಕರ್ನಾಟಕ ಆಂಟಿಬಯಾಟಿಕ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಒಂದರ ಮೇಲೆ ಬಿತ್ತು. ಹೆರಿಗೆ ವೈದ್ಯರು ದಿಗಿಲುಬಿದ್ದರು. ಒಂದು ಕಾರ್ಖಾನೆಯಲ್ಲಿ ಒಂದು ವಾರ ಕೆಲಸ ನಿಂತರೆ ಎಷ್ಟು ಹೆರಿಗೆ ಕೋಣೆಗಳು ಬರಿಗೈಯಾಗಬಹುದೆಂದು ಯೋಚಿಸಿ. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಎಮ್ಮೆಯ ಹಿತ ಕಾಯುವುದು ಸರಿಯೇ. ಆದರೆ ಅಂಥ ಆದೇಶ ಹೊರಡಿಸುವಾಗ ಬಾಣಂತಿಯ ಪಾಡು ಏನಾಗುತ್ತದೆಂದು ಮೊದಲು ಕೇಳಬೇಕಿತ್ತು.

ಮೂರನೆಯ ಔಷಧಿ ಟ್ರಾನೆಕ್ಸಾಮಿಕ್ ಆಮ್ಲ. ಇದರ ಹಿಂದಿರುವವರು ಜಪಾನಿನ ಉತಾಕೊ ಓಕಾಮೊಟೊ. ಯುದ್ಧ ಮುಗಿದ ಬಡತನದ ಕಾಲ. ಸಂಶೋಧನೆಗೆ ಸಾಮಗ್ರಿ ಸಿಗದಿದ್ದಾಗ ಆಕೆ ಮತ್ತು ಆಕೆಯ ಗಂಡ ಶೋಸುಕೆ ರಕ್ತವನ್ನೇ ಆರಿಸಿಕೊಂಡರು, ಕೊರತೆಯಾದರೆ ತಮ್ಮ ಮೈಯಿಂದಲೇ ತೆಗೆದುಕೊಳ್ಳಬಹುದಲ್ಲ ಎಂದು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ನಿಂತು ದುಡಿದರು. 1962ರಲ್ಲಿ ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಈ ಔಷಧಿ ಸಿಕ್ಕಿತು. ಹೆರಿಗೆಯ ರಕ್ತಸ್ರಾವಕ್ಕೆ ಇದನ್ನು ಪರೀಕ್ಷಿಸಿ ನೋಡಿ ಎಂದು ಆಕೆ ಕೇಳಿದಾಗ ಅಲ್ಲಿನ ಹೆರಿಗೆ ವೈದ್ಯರು ಒಪ್ಪಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಲಂಡನ್ನಿನ ಸಂಶೋಧಕರು 21 ದೇಶಗಳ 20,060 ತಾಯಂದಿರಲ್ಲಿ ಪರೀಕ್ಷಿಸಿದರು. ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆಂದು 2017ರಲ್ಲಿ ತಿಳಿಯಿತು. ಓಕಾಮೊಟೊ ಅದರ ಹಿಂದಿನ ವರ್ಷ, 98ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. 1962ರಿಂದ 2017ರ ನಡುವೆ ಸತ್ತ ತಾಯಂದಿರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈ ಎಲ್ಲ ಎಳೆಗಳು ಕೂಡಿದ್ದು 2023ರಲ್ಲಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಇ-ಮೋಟಿವ್ ಪ್ರಯೋಗ. ಗೆರೆ ಹಾಕಿದ ಚೀಲವೇ ಅದರ ಮೊದಲ ಮೆಟ್ಟಿಲು. ರಕ್ತ ಗೆರೆ ದಾಟಿದರೆ ಒಂದಾದ ಮೇಲೊಂದು ಎಂದು ಕಾಯದೆ ಹೊಟ್ಟೆ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಗ್ಲೂಕೋಸ್ ಬಾಟಲಿ ಎಂದು ನಮ್ಮವರು ಕರೆಯುವ ದ್ರವ, ಒಳಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಕು. ಅದುವರೆಗೆ ಈ ಆಸ್ಪತ್ರೆಗಳಲ್ಲಿ ರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳು ಗಮನಕ್ಕೇ ಬರುತ್ತಿರಲಿಲ್ಲ. ಚೀಲ ಬಂದ ಮೇಲೆ 100ಕ್ಕೆ 93 ಗೊತ್ತಾದವು. ತೀವ್ರ ರಕ್ತಸ್ರಾವ, ಹೊಟ್ಟೆ ಕೊಯ್ದು ನಿಲ್ಲಿಸಬೇಕಾದ ಸ್ಥಿತಿ, ಸಾವು, ಇವು ಮೂರೂ ಸೇರಿ 100ಕ್ಕೆ 60ರಷ್ಟು ಕಡಿಮೆಯಾದವು. ಹೊಸ ಔಷಧಿ ಒಂದೂ ಇರಲಿಲ್ಲ. ಅರ್ಧ ಲೀಟರಿನವರೆಗೆ ಕಾಯಬೇಕಾಗಿಲ್ಲ, 300 ಮಿಲಿಲೀಟರಿನಲ್ಲೇ ನಾಡಿ, ರಕ್ತದೊತ್ತಡ ಏರುಪೇರಾಗಿದ್ದರೆ ಚಿಕಿತ್ಸೆ ಶುರು ಮಾಡಿ ಎಂದು 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಔಷಧಿ ಇದ್ದು, ಆಸ್ಪತ್ರೆ ಇದ್ದು, ಓದಿದ ವೈದ್ಯರಿದ್ದೂ ಸಾಯುವುದುಂಟು. ಅದಕ್ಕೆ ನಾನು ಕೊಡುವ ಉದಾಹರಣೆಯೂ ಬೆಳಗಾವಿಯ ಮಗಳದೇ. ಸವಿತಾ ಹಾಲಪ್ಪನವರ ದಂತವೈದ್ಯೆ, ವಯಸ್ಸು 31, ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರ್ 21ರಂದು, 17 ವಾರದ ಬಸುರಿಯಾಗಿದ್ದಾಗ, ಬೆನ್ನುನೋವೆಂದು ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲವೆಂದು ಗೊತ್ತಾಯಿತು, ನೀರೂ ಒಡೆಯಿತು. ಹಾಗಿದ್ದರೆ ಗರ್ಭ ತೆಗೆದುಬಿಡಿ ಎಂದು ಆಕೆ ಕೇಳಿದರು. ಭ್ರೂಣದ ಎದೆಬಡಿತ ಇರುವವರೆಗೆ ಆಗುವುದಿಲ್ಲವೆಂಬ ಉತ್ತರ ಬಂತು. 1983ರಲ್ಲಿ ಐರ್ಲೆಂಡಿನ ಸಂವಿಧಾನಕ್ಕೆ ಸೇರಿಸಿದ ಎಂಟನೆಯ ತಿದ್ದುಪಡಿ ತಾಯಿಯ ಜೀವಕ್ಕೂ ಹುಟ್ಟದ ಜೀವಕ್ಕೂ ಸಮಾನ ಹಕ್ಕೆಂದು ಹೇಳಿತ್ತು. ಕಾಯುತ್ತ ಕಾಯುತ್ತ ನಂಜು ರಕ್ತಕ್ಕೇರಿತು. 28ರಂದು ಸವಿತಾ ತೀರಿಕೊಂಡರು.

ಪ್ರೊಫೆಸರ್ ಸಬರತ್ನಂ ಅರುಳ್‌ಕುಮಾರನ್ ನೇತೃತ್ವದ ತನಿಖಾ ವರದಿಯನ್ನು ಪ್ರತಿ ಹೆರಿಗೆ ವೈದ್ಯರೂ ಓದಬೇಕು. ಮೊದಲ ದಿನವೇ ತೆಗೆದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಹೆಚ್ಚಿದ್ದವು. ಆ ಫಲಿತಾಂಶವನ್ನು ಹೊತ್ತಿಗೆ ಸರಿಯಾಗಿ ಯಾರೂ ನೋಡಲಿಲ್ಲ. ನೀರು ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ಬರೆದಿಡಬೇಕಾದ ನಾಡಿ, ಜ್ವರ, ರಕ್ತದೊತ್ತಡ ತಪ್ಪಿಹೋದವು. ಎಲ್ಲರ ಗಮನ ಭ್ರೂಣದ ಎದೆಬಡಿತದ ಮೇಲೆ ನೆಟ್ಟಿತ್ತು. ಯಾವ ಬಡಿತವನ್ನು ಎಣಿಸಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಒಂದು ಕಾನೂನು ನಿರ್ಧರಿಸಿಬಿಟ್ಟಿತ್ತು ಎಂದು ನಾನು ಆ ವರದಿಯನ್ನು ಓದಿಕೊಂಡಿದ್ದೇನೆ. ಐರ್ಲೆಂಡಿನ ಜನ ಬೀದಿಗಿಳಿದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇಕಡಾ 66.4 ಮತಗಳಿಂದ ಆ ತಿದ್ದುಪಡಿಯನ್ನು ತೆಗೆದುಹಾಕಿದರು. ಅದಕ್ಕೆ ಮತ ಹಾಕಿ ಎಂದು ಬೆಳಗಾವಿಯಿಂದ ಸವಿತಾರ ತಂದೆ ಅಲ್ಲಿನವರನ್ನು ಬೇಡಿಕೊಂಡಿದ್ದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಆಕೆಯ ಚಿತ್ರದ ಸುತ್ತ ಜನ ಸಾಲಾಗಿ ಚೀಟಿ ಅಂಟಿಸಿ ಕ್ಷಮೆ ಕೇಳಿದರು.

ಕಾನೂನು ಬಿಗಿಯಾದರೆ ಗರ್ಭಪಾತ ನಿಲ್ಲುತ್ತದೆಂದು ನಂಬುವವರು ರೊಮೇನಿಯಾವನ್ನು ನೋಡಬೇಕು. ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕು 1966ರಲ್ಲಿ 770ನೆಯ ಆದೇಶದ ಮೂಲಕ ಗರ್ಭಪಾತವನ್ನು ನಿಷೇಧಿಸಿದ. 1989ರ ಹೊತ್ತಿಗೆ ಆ ದೇಶದ ತಾಯಿಮರಣ ಯುರೋಪಿನಲ್ಲೇ ಅತಿ ಹೆಚ್ಚು, ಅದರ ಬಹುಪಾಲು ಕದ್ದುಮುಚ್ಚಿ ಮಾಡಿಸಿಕೊಂಡ ಗರ್ಭಪಾತದ್ದು. ಆತ ಬಿದ್ದ ಮರುದಿನವೇ ಎಂಬಂತೆ ಆದೇಶ ರದ್ದಾಯಿತು. ಒಂದೇ ವರ್ಷದಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ವೈದ್ಯಶಾಸ್ತ್ರದ ಯಾವ ಶೋಧವೂ ಒಂದು ವರ್ಷದಲ್ಲಿ ಇಷ್ಟು ಮಾಡಿದ್ದನ್ನು ನಾನು ಕಾಣೆ. ಪೋಲೆಂಡ್ 2020ರಲ್ಲಿ, ಅಮೆರಿಕ 2022ರಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟವು. ಅರ್ಜೆಂಟೀನಾ, ಕೊಲಂಬಿಯಾಗಳು ಅದೇ ವರ್ಷಗಳಲ್ಲಿ ಮುಂದಕ್ಕೆ ನಡೆದವು.

ನಮ್ಮಲ್ಲಿ 1971ರಿಂದಲೂ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ. 2021ರ ತಿದ್ದುಪಡಿ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಅವಕಾಶ ಕೊಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಅವಕಾಶ ಮದುವೆಯಾಗದವರಿಗೂ ಉಂಟೆಂದಿತು. ಹಾಗಿದ್ದೂ 2015ರಲ್ಲಿ ದೇಶದಲ್ಲಿ ನಡೆದ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮೆಡಿಕಲ್ ಶಾಪಿನ ಮಾತ್ರೆಯಿಂದ ಆದವು ಎಂದು ಅಧ್ಯಯನ ಅಂದಾಜು ಮಾಡಿದೆ. ಏಕೆ? ಹೊರರೋಗಿ ವಿಭಾಗದಲ್ಲಿ ಕೂತು ನೋಡಿ. ಎರಡು ಮಕ್ಕಳ ತಾಯಿಯೊಬ್ಬಳು ಬರುತ್ತಾಳೆ, ಚೀಟಿಯನ್ನು ಸೆರಗಿನ ತುದಿಯಲ್ಲಿ ಮುಚ್ಚಿಕೊಂಡು. ‘ಯಜಮಾನರ ಸಹಿ ಹಾಕಿಸ್ಕೊಂಡು ಬಾಮ್ಮ’ ಎನ್ನುತ್ತಾರೆ. ‘ಅವರು ದುಡಿಯೋಕೆ ಹೋಗವ್ರೆ ಮೇಡಂ, ಹಬ್ಬಕ್ಕೇ ಬರೋದು’ ಎನ್ನುತ್ತಾಳೆ ಅವಳು. ‘ಹಂಗಾದ್ರೆ ಅತ್ತೇನಾದ್ರೂ ಕರ್ಕೊಂಡ್ ಬಾ.’ ಅವಳು ಮತ್ತೆ ಬರುವುದಿಲ್ಲ. 18 ತುಂಬಿದ ಹೆಣ್ಣಿನ ವಿಷಯದಲ್ಲಿ ಕಾನೂನು ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು ಮಾತ್ರ. ಗಂಡನ ಸಹಿ, ಅತ್ತೆಯ ಸಹಿ ಎಲ್ಲಿಯೂ ಬರೆದಿಲ್ಲ. ಐವತ್ತು ವರ್ಷ ದಾಟಿದ ಕಾನೂನನ್ನು ನಮ್ಮ ಮೇಜುಗಳ ಮೇಲೆ ನಾವೇ ತಿದ್ದಿಬಿಟ್ಟಿದ್ದೇವೆ. ಬೆಳಗಾವಿಯಲ್ಲಿ ತಾಯಂದಿರ ರಕ್ತ ನಿಲ್ಲಿಸಿದ ಆ ಮಿಸೊಪ್ರೊಸ್ಟಾಲ್ ಗರ್ಭಪಾತಕ್ಕೂ ಬಳಕೆಯಾಗುತ್ತದೆ. ಆ ಕಾರಣಕ್ಕೇ ಹಲವು ಕಡೆ ಔಷಧಿ ಅಂಗಡಿಯವರು ತಪಾಸಣೆಯ ಹೆದರಿಕೆಯಿಂದ ಅದನ್ನು ತರಿಸುವುದನ್ನೇ ಬಿಟ್ಟಿದ್ದಾರೆ.

ಗರ್ಭನಿರೋಧದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೇ ತೆರೆದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿನಲ್ಲೇ ಅವು ಮೊದಲನೆಯವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅಂಥ ನಾಡಿನಲ್ಲಿ ಇಂದು ಅರ್ಧಕ್ಕಿಂತ ಹೆಚ್ಚು ವಿವಾಹಿತ ಹೆಂಗಸರು ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್, ಹೆಂಗಸರದಕ್ಕಿಂತ ಸುಲಭವಾದದ್ದು, ಇಲ್ಲವೆನ್ನುವಷ್ಟು ಕಡಿಮೆ. ಭಾರ ಯಾರ ಮೈಮೇಲಿದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎಣಿಕೆಯ ಮಾತು. ಇಂಗ್ಲೆಂಡು 1952ರಿಂದ ಪ್ರತಿ ತಾಯಿಯ ಸಾವನ್ನೂ ಗೌಪ್ಯವಾಗಿ ವಿಚಾರಿಸುತ್ತ ಬಂದಿದೆ. ಯಾರನ್ನೂ ಶಿಕ್ಷಿಸಲು ಅಲ್ಲ, ಎಲ್ಲಿ ತಪ್ಪಿತೆಂದು ಹುಡುಕಿ ಎಲ್ಲ ವೈದ್ಯರಿಗೂ ತಿಳಿಸಲು. ನಮ್ಮ ನೆರೆಯ ಕೇರಳದ ಹೆರಿಗೆ ತಜ್ಞರು 2004ರಲ್ಲಿ ಆ ಪದ್ಧತಿಯನ್ನು ಶುರು ಮಾಡಿದರು. 2018–20ರ ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಗಳಲ್ಲಿ ಕೇರಳದ ತಾಯಿಮರಣ ಲಕ್ಷಕ್ಕೆ 19, ಕರ್ನಾಟಕದ್ದು 69. ದೇಶದ ಸರಾಸರಿಗಿಂತ ನಾವು ಮುಂದಿದ್ದೇವೆ. ದಕ್ಷಿಣದ ರಾಜ್ಯಗಳಲ್ಲಿ ಹಿಂದಿದ್ದೇವೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಅನುಮಾನ ಡ್ರಿಪ್ಪಿನ ದ್ರಾವಣದ ಮೇಲೆ ಬಂತು. ಸಾವುಗಳು ಒತ್ತಾಗಿ ಬಂದಿದ್ದರಿಂದ ಸುದ್ದಿಯಾದವು. ಒಂದು ತಾಲ್ಲೂಕಿನಲ್ಲಿ ಒಬ್ಬಳು, ಮೂರು ತಿಂಗಳ ಮೇಲೆ ಇನ್ನೊಂದು ತಾಲ್ಲೂಕಿನಲ್ಲಿ ಮತ್ತೊಬ್ಬಳು ಸತ್ತರೆ ಪತ್ರಿಕೆಗೆ ಬರುವುದಿಲ್ಲ.

ಜಗತ್ತಿನ ಮಟ್ಟದಲ್ಲೂ ಎಣಿಕೆಯ ದೀಪ ಆರುತ್ತಿದೆ. 1984ರಿಂದ ಸುಮಾರು 90 ಬಡ ದೇಶಗಳಲ್ಲಿ ಮನೆಮನೆಗೆ ಹೋಗಿ ಹೆರಿಗೆ, ಬಸಿರು, ಮಕ್ಕಳ ಸಾವುಗಳ ಲೆಕ್ಕ ತೆಗೆದುಕೊಂಡು ಬಂದಿದ್ದ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆಗಳಿಗೆ ಅಮೆರಿಕದ ಸರ್ಕಾರ 2025ರ ಫೆಬ್ರವರಿಯಲ್ಲಿ ಹಣ ನಿಲ್ಲಿಸಿತು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಗೆ ಕೊಡುತ್ತಿದ್ದುದನ್ನೂ ಹಿಂತೆಗೆದುಕೊಂಡಿತು. ಗರ್ಭಪಾತದ ಹೆಸರೆತ್ತುವ ಸಂಸ್ಥೆಗಳಿಗೆ ನೆರವಿಲ್ಲವೆಂಬ, 1984ರಲ್ಲಿ ಮೆಕ್ಸಿಕೊ ನಗರದಲ್ಲಿ ಸಾರಿದ ನೀತಿಯೂ ಮರಳಿ ಬಂತು. ಹಿಂದೆ ಈ ನೀತಿ ಜಾರಿಯಲ್ಲಿದ್ದಾಗ ಆ ನೆರವನ್ನು ನಂಬಿದ ಆಫ್ರಿಕಾದ ದೇಶಗಳಲ್ಲಿ ಗರ್ಭನಿರೋಧಕಗಳು ಸಿಗದೆ ಗರ್ಭಪಾತಗಳೇ ಹೆಚ್ಚಾದವು ಎಂದು 2019ರ ಅಧ್ಯಯನವೊಂದು ತೋರಿಸಿತ್ತು. ಲೆಕ್ಕ ನಿಂತ ದೇಶಗಳಲ್ಲಿ ಇನ್ನು ಮುಂದೆ ಎಷ್ಟು ತಾಯಂದಿರು ಸತ್ತರೆಂಬುದನ್ನು ಹೇಳುವವರೂ ಇರುವುದಿಲ್ಲ.

ಈ ಸಭೆಯಲ್ಲಿ ಜನಪ್ರತಿನಿಧಿಗಳಿದ್ದೀರಿ, ಪತ್ರಕರ್ತರಿದ್ದೀರಿ, ಆರೋಗ್ಯ ಇಲಾಖೆಯವರೂ ಇದ್ದೀರಿ. ನಿಮ್ಮಲ್ಲಿ ನನ್ನ ಬೇಡಿಕೆ ಎರಡು. ನಮ್ಮ ರಾಜ್ಯದ ಪ್ರತಿ ಹೆರಿಗೆ ಮೇಜಿನ ಮೇಲೂ ಬೆಳಗಾವಿಯ ಆ ಚೀಲ ಇರಲಿ, ಡಾಕ್ಟರು ಬರುವವರೆಗೆ ಕಾಯದೆ ಅದರ ಗೆರೆ ಓದಿ ಹೆಜ್ಜೆಯಿಡುವ ಅಧಿಕಾರ ನರ್ಸಿನ ಕೈಗೆ ಸಿಗಲಿ. ಜಿಲ್ಲೆಗಳಲ್ಲಿ ನಡೆಯುವ ತಾಯಿ ಮರಣ ಪರಿಶೀಲನೆಯ ಸಾರವನ್ನು, ಸತ್ತವಳ ಹೆಸರು, ಊರು ಬಿಟ್ಟು, ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಿ. ರಕ್ತ ಎಷ್ಟು ಹೊತ್ತಿಗೆ ಹೋಗತೊಡಗಿತು, ಯಾರಿಗೆ ಎಷ್ಟು ಹೊತ್ತಿಗೆ ಗೊತ್ತಾಯಿತು, 108 ಎಷ್ಟು ಹೊತ್ತಿಗೆ ಬಂತು, ರಕ್ತನಿಧಿಯಿಂದ ಬಾಟಲಿ ಎಷ್ಟು ಹೊತ್ತಿಗೆ ಬಂತು ಎಂಬ ನಾಲ್ಕು ಸಮಯಗಳಿದ್ದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿಸುವ ಕೆಲಸಕ್ಕೆ ನನ್ನಂಥ ನಿವೃತ್ತ ವೈದ್ಯೆಯರು ಬರುತ್ತೇವೆ. ಕರೆಯಿರಿ.